ಮಾತಾಡಬಾರದ ಹೊತ್ತು

ಭರಮಸಾಗರದ ಈರಕ್ಕ ಬೆಳಗಿನ ಬಸ್ಸಿಗೆ ಚಿತ್ರದುರ್ಗಕ್ಕೆ ಬಂದು, ಬೇರೆ ಮನೆಗಳ ಕೆಲಸವೆಲ್ಲ ಮುಗಿಸಿ, ಕೊನೆಗೆ ಅನುಸೂಯಮ್ಮನವರ ಫ್ಲ್ಯಾಟಿನ ಮೆಟ್ಟಿಲು ಹತ್ತುತ್ತಿದ್ದಳು. ಅದನ್ನು ಕೊನೆಗೆ ಉಳಿಸಿಕೊಂಡಿದ್ದು ಬೇಕೆಂದೇ. ಅಲ್ಲಿ ಪಾತ್ರೆ ತೊಳೆದಾದ ಮೇಲೂ ಕೂರಬಹುದಿತ್ತು.

ಅನುಸೂಯಮ್ಮ ಕಾಲೇಜಿನಲ್ಲಿ ಹಿಂದಿ ಪಾಠ ಹೇಳಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಎದುರುಮನೆಯವರ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಟಿ.ವಿ.ಯಲ್ಲಿ ಹಿಂದಿ ವೆಬ್ ಸೀರೀಸ್ ಹಚ್ಚಿ, ಒಬ್ಬರೇ ನೋಡಲಾರದೆ ಈರಕ್ಕನನ್ನು ಕರೆಯುತ್ತಿದ್ದರು. ಭಾಷೆ ತಿಳಿಯದ ಅವಳಿಗೆ ನಡುನಡುವೆ ನಿಲ್ಲಿಸಿ ಕಥೆ ಹೇಳುತ್ತಿದ್ದರು. ನೆಲದ ಮೇಲೆ ಕೂರುತ್ತಿದ್ದವಳನ್ನು ಒಂದು ದಿನ, "ಕತ್ತು ನೋಯಲ್ವೇನೆ? ಮೇಲೆ ಕುಂತ್ಕ" ಎಂದು ಕೈಹಿಡಿದು ಸೋಫಾದ ಮೇಲೆ ಕೂರಿಸಿದರು. ಒದ್ದೆ ಸೆರಗು ಸೋಫಾಕ್ಕೆ ತಾಗದಂತೆ ಹಿಡಿದುಕೊಂಡೇ ಕೂತಿದ್ದ ಈರಕ್ಕನಿಗೆ ಅವತ್ತಿನ ಕಥೆ ತಲೆಗೆ ಹೋಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳನ್ನು ಕೂತುಕೋ ಎಂದವರೇ ಇರಲಿಲ್ಲ.

ಈ ಸಲದ ಕಥೆ ದೊಡ್ಡ ಊರೊಂದರ ಎತ್ತರದ ಕಟ್ಟಡದ್ದು. ಒಬ್ಬ ಒಂಟಿ ಹೆಂಗಸು, ಅವಳ ಮನೆಗೆಲಸದವಳು.

"ಈಕೆ ಸಾಯಿಸ್ತಾಳೆ ನೋಡು ಆಕೇನ."

"ಅನ್ನ ಹಾಕಿದೋಳ್ನ? ಯಾಕಕ್ಕಾರೆ?"

"ಹೊಟ್ಟೆಕಿಚ್ಚು. ಅವಳಿಗೆ ಎಲ್ಲಾ ಐತೆ, ತನಗಿಲ್ಲ ಅಂತ."

"ಹಂಗಾದ್ರೆ ನಾನು ಮನೆಗೊಂದು ಕೊಲೆ ಮಾಡ್ಬೇಕು. ಪಾತ್ರೆ ಯಾವಾಗ ತೊಳೀಲಿ?"

ಅನುಸೂಯಮ್ಮ ನಕ್ಕರು. ಮಲಗಿದ್ದ ಒಡತಿಯ ಮುಖಕ್ಕೆ ಕೆಲಸದವಳು ದಿಂಬು ಒತ್ತಿದಾಗ ಅವರ ನಗು ಹೋಗಿಬಿಟ್ಟಿತು.

ಆಮೇಲೆ ಅವರು ಸರಿಯಾಗಿ ಉಣ್ಣಲಿಲ್ಲ, ರಾತ್ರಿ ಕಣ್ಣು ಮುಚ್ಚಲಿಲ್ಲ. ಹಾಕಿದ ಚಿಲಕವನ್ನೇ ಮತ್ತೆ ಹೋಗಿ ನೋಡಿ ಬರುತ್ತಿದ್ದರು. ಅವರು ಹೆದರುತ್ತಿರುವುದು ತನಗೇ ಎಂದು ಈರಕ್ಕನಿಗೆ ಹೊಳೆಯಲಿಲ್ಲ. ಯಾರದೋ ಕಣ್ಣು ಬಿದ್ದಿದೆ ಎಂದುಕೊಂಡಳು.

"ದೃಷ್ಟಿ ತೆಗೀಲೇನ್ರಿ ಅಕ್ಕಾರೆ?"

"ಹೋಗೇ, ಉಪ್ಪು ಮೆಣಸಿನಕಾಯಿಗೆ ಹೋಗೋದಲ್ಲ ಇದು."

ಎಚ್ಚರವಿದ್ದಾಗ ಒಪ್ಪುವವರಲ್ಲ. ಮಂಗಳವಾರ ಮಧ್ಯಾಹ್ನ ಅವರು ಸೋಫಾದ ಮೇಲೆ ಜೊಂಪು ಹತ್ತಿ ಮಲಗಿದ್ದಾಗ, ಈರಕ್ಕ ಕಲ್ಲುಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದಳು. ಮುಷ್ಟಿ ಕಟ್ಟಿದ ಮೇಲೆ ಉರಿಗೆ ಹಾಕುವ ತನಕ ತುಟಿ ಬಿಚ್ಚಬಾರದು, ಬಿಚ್ಚಿದರೆ ಬಿಟ್ಟ ದೃಷ್ಟಿ ತಿರುಗಿ ಅವರಿಗೇ ಅಂಟುತ್ತದೆ ಎಂದು ಅವಳ ಅವ್ವ ಕಲಿಸಿದ್ದಳು. ಮುಖದ ಮೇಲೆ ಬಗ್ಗಿ ನಿವಾಳಿಸತೊಡಗಿದಳು.

ಅನುಸೂಯಮ್ಮ ಕಣ್ಣು ತೆರೆದರು.

"ಈರಕ್ಕಾ! ಏನೇ ಅದು ಕೈಯಾಗೆ? ಮಾತಾಡೇ!"

ಈರಕ್ಕನ ಬಾಯಿ ತೆರೆಯುವುದರಲ್ಲಿತ್ತು. ಈಗ ಮಾತಾಡಿದರೆ ಅಕ್ಕಾರಿಗೇ ಕೇಡು. ತುಟಿ ಕಚ್ಚಿ ಹಿಡಿದು, ಉಳಿದ ಸುತ್ತು ಮುಗಿಸಿ, ಅಡಿಗೆಮನೆಗೆ ಓಡಿ ಹಳೇ ಬಾಣಲೆಗೆ ಹಾಕಿ ಸುಟ್ಟಳು.

"ಅಕ್ಕಾರೆ, ಎಂಥಾ ಕಣ್ಣು ಬಿದ್ದಿತ್ತು ನೋಡ್ರಿ, ಒಂಚೂರೂ ಘಾಟು ಬರ್ಲಿಲ್ಲ!" ಎನ್ನುತ್ತ ಖುಷಿಯಿಂದ ಹೊರಗೆ ಬಂದಳು.

ಸೋಫಾ ಖಾಲಿಯಿತ್ತು. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಅವರು ಫೋನಿನಲ್ಲಿ ಹೇಳುತ್ತಿದ್ದರು: "ಬೇಗ ಬಾರಪ್ಪ... ಕೆಲಸದೋಳು... ಮೈಮೇಲೆ ಬಗ್ಗಿದ್ಲು. ಕೇಳಿದ್ರೂ ಬಾಯಿ ಬಿಡ್ಲಿಲ್ಲ."

ವಾಚ್‌ಮನ್ ಜಯಕುಮಾರ್ ಓಡಿ ಬಂದ. ಅವಳ ಕೈ ಬಿಚ್ಚಿಸಿ ನೋಡಿದ. ಬೆವತ ಅಂಗೈಗೆ ಉಪ್ಪಿನ ಹರಳು ಅಂಟಿದ್ದವು.

"ಮೇಡಂ, ದೃಷ್ಟಿ ತೆಗ್ದೈತೆ ಅಷ್ಟೇ ಈಯಮ್ಮ. ಏನಿಲ್ಲ, ಬಾಗಿಲು ತೆಗೀರಿ."

ಬಾಗಿಲು ತೆರೆಯಲಿಲ್ಲ.

"ಇರಬಹುದಪ್ಪ," ಎಂದರು ಅನುಸೂಯಮ್ಮ. ಅಳುತ್ತಿದ್ದರು. "ಆದ್ರೂ ನಾಳೆಯಿಂದ ಬರೋದು ಬೇಡ ಅನ್ನು. ಅವಳು ಮನೇಲಿದ್ರೆ ನನಗಿನ್ನು ಕಣ್ಣು ಮುಚ್ಚಾಕಾಗಲ್ಲ."

ಈರಕ್ಕ ಬಾಣಲೆ ತೊಳೆದು ಬೋರಲು ಹಾಕಿದಳು. ಮುಚ್ಚಿದ ಬಾಗಿಲ ಹತ್ತಿರ ಬಂದು ನಿಂತಳು.

"ಗ್ಯಾಸ್ ಆರಿಸೀನಿ ಅಕ್ಕಾರೆ. ಅನ್ನ ಮುಚ್ಚಿಟ್ಟೀನಿ, ಉಣ್ರಿ. ನಾನು ಹೋದ್ಮೇಲೆ ಚಿಲಕ ಹಾಕ್ಕಳ್ರಿ."

ಕೆಳಗಿನ ಮೆಟ್ಟಿಲ ಮೇಲೆ ನಿಂತು ಕಾದಳು. ಮೇಲೆ ಹೆಜ್ಜೆ ಸಪ್ಪಳ, ಆಮೇಲೆ ಚಿಲಕ ಬಿದ್ದ ಸದ್ದು. "ಏಕನಾಥಮ್ಮ ತಾಯಿ, ತೆಗೆದಿದ್ದು ತೆಗೆದಂಗೇ ಇರ್ಲಿ," ಎಂದು ಕೋಟೆ ಬೆಟ್ಟದ ಮೇಲಿನ ಅಮ್ಮನ ಗುಡಿಯ ಕಡೆಗೆ ಕೈ ಮುಗಿದು, ಬಸ್‌ಸ್ಟ್ಯಾಂಡಿಗೆ ನಡೆದಳು.