ನೀಲಿ ಕಂಡ ಬಾಗಿಲು

ಕಳೆದ ವಾರ ಇನ್ಶೂರೆನ್ಸ್ ಕಾಗದ ಹುಡುಕಲು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯನ್ನೆಲ್ಲ ಬರಿದು ಮಾಡಿದಾಗ ತಳದಲ್ಲಿ ಒಂದು ವಾಟರ್ ಪೇಪರ್ ಸಿಕ್ಕಿತು. ಕಾರಿನ ಬಣ್ಣವನ್ನು ನೀರು ಹಾಕಿ ತಿಕ್ಕುವ ಕಪ್ಪು ಕಾಗದ. ನಾಲ್ಕಾಗಿ ಮಡಿಸಿತ್ತು. ತಿಕ್ಕಿ ತಿಕ್ಕಿ ಸವೆದು ಹಳೆಯ ಬಟ್ಟೆಯಷ್ಟು ಮೆತ್ತಗಾಗಿತ್ತು. ಅದನ್ನು ಅಲ್ಲಿ ಇಟ್ಟು ಮರೆತವರು ಯಾರೆಂದು ಯೋಚಿಸಬೇಕಾಗಲಿಲ್ಲ…

ನಾನಾಗ ಗುಬ್ಬಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಮನೆ ಈಗಿನಂತೆ ಆಗಲೂ ಕ್ಯಾತ್ಸಂದ್ರದಲ್ಲಿ. ಯಜಮಾನರು ತೀರಿಕೊಂಡು ಒಂದು ವರ್ಷವಾಗಿತ್ತು. ಅವರು ಕೊಂಡಿದ್ದ ಸಿಲ್ವರ್ ಬಣ್ಣದ ಕಾರನ್ನು ಮಾರಲು ಮನಸ್ಸಾಗದೆ ನಾನೇ ಡ್ರೈವಿಂಗ್ ಕಲಿತು ದಿನವೂ ಅದರಲ್ಲೇ ಹೋಗಿಬರುತ್ತಿದ್ದೆ. ಒಂದು ದಿನ ಹಿಂದಿನ ಬಾಗಿಲ ಅಂಚಿನಲ್ಲಿ ಬಣ್ಣ ಸಣ್ಣ ಸಣ್ಣ ಗುಳ್ಳೆಗಳಾಗಿ ಎದ್ದಿರುವುದು ಕಂಡಿತು. ಗುಬ್ಬಿ ರಸ್ತೆಯಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ ಒಬ್ಬ ಪೇಂಟರ್ ಬಳಿ ಗಾಡಿ ನಿಲ್ಲಿಸಿದೆ.

ಅರವತ್ತು ದಾಟಿದ್ದ ಮನುಷ್ಯ. ಗುಳ್ಳೆಯನ್ನು ಉಗುರಿನಿಂದ ಮೆಲ್ಲಗೆ ಒತ್ತಿದರು. ಅದು ಒಡೆದು ಒಳಗಿನಿಂದ ಕಂದು ಪುಡಿ ಉದುರಿತು.

"ಇದು ಒಳಗಿಂದ ತುಕ್ಕಿಡ್ದಿರೋದು ಮೇಡಮ್. ಮೇಲ್ಮೇಲೆ ಬಳುದ್ರೆ ಮೂರು ತಿಂಗ್ಳಿಗೆ ಮತ್ತೆ ಏಳ್ತದೆ. ತಗಡು ಕಾಣೋವರ್ಗೂ ಕೆರೀಬೇಕು. ಟೈಮಾಯ್ತದೆ, ಬಿಟ್ಟೋಗಿ."

ಕೆರೆದರು, ಪ್ರೈಮರ್ ಬಳಿದರು, ಬಣ್ಣ ಹೊಡೆದರು. ಗಾಡಿ ವಾಪಸ್ಸು ಬಂದಾಗ ಹೊಸ ಬಣ್ಣ ಎಲ್ಲಿ ಶುರುವಾಗುತ್ತದೆಂದು ನನಗೆ ಹುಡುಕಿದರೂ ಗೊತ್ತಾಗಲಿಲ್ಲ.

ಶನಿವಾರ ಸ್ಕೂಲು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಮನೆಗೆ ಹೋದರೆ ಸೋಮವಾರದವರೆಗೆ ಮಾತಾಡಲು ಯಾರೂ ಇಲ್ಲ. ಏನೋ ಒಂದು ಗೀರಿನ ನೆಪ ಮಾಡಿಕೊಂಡು ಶೆಡ್ಡಿನ ಮುಂದೆ ಗಾಡಿ ನಿಲ್ಲಿಸುವುದು ಹಾಗೆ ಶುರುವಾಯಿತು. ಆಮೇಲೆ ನೆಪವೂ ಬೇಕಾಗಲಿಲ್ಲ. ಅವರು ಕೆಲಸ ಮಾಡುತ್ತಿದ್ದರು, ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಹಾಗಲವಾಡಿ ಕಡೆಯವರಂತೆ, ಊರಿನಲ್ಲಿ ಅಣ್ಣನ ಮಕ್ಕಳಿದ್ದಾರಂತೆ ಎಂಬುದಷ್ಟೇ ತಿಳಿದಿತ್ತು. ಶೆಡ್ಡಿನ ಹಿಂದಿನ ರೂಮಿನಲ್ಲಿ ಒಬ್ಬರೇ ಇದ್ದರು. ಮೂರು ಹೊತ್ತೂ ಹೋಟೆಲಿನ ಪೊಟ್ಟಣ.

ಅವರ ಮಾತೆಲ್ಲ ಬಣ್ಣದ ದೋಷಗಳ ಬಗ್ಗೆಯೇ. ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗಿದ್ದರೆ ಪೇಂಟ್ ಗಟ್ಟಿಯಾಗಿತ್ತು ಎಂದರ್ಥ. ಚೆನ್ನಾಗಿ ಒಣಗಿದ ಮೇಲೆ ನಯವಾದ ಪೇಪರಿನಲ್ಲಿ ನೀರು ಹಾಕಿ ತಿಕ್ಕಿ ಪಾಲಿಶ್ ಮಾಡಿದರೆ ಸರಿಹೋಗುತ್ತದೆ. ಮೀನಿನ ಕಣ್ಣಿನಂಥ ಗುಳಿ ಬಿದ್ದಿದ್ದರೆ ತಗಡಿಗೆ ಯಾರದೋ ಎಣ್ಣೆ ಕೈ ತಾಗಿದೆ. ಅದಕ್ಕೆ ಪಾಲಿಶ್ ಸಾಲದು, ಕೆರೆದು ಒರೆಸಿ ಹೊಸದಾಗಿ ಹೊಡೆಯಬೇಕು. ಸೋರಿ ಇಳಿದಿದ್ದರೆ ಹೊಡೆದವನು ಆತುರಗಾರ. ನನ್ನ ಕೈಗೊಂದು ತೆಳುವಾದ ಪ್ಲಾಸ್ಟಿಕ್ ಹಾಳೆ ಕೊಟ್ಟು, ಅದರ ಮೇಲಿಂದ ಬಾನೆಟ್ ಸವರಿ ನೋಡಲು ಹೇಳುತ್ತಿದ್ದರು. ಕಣ್ಣಿಗೆ ಕಾಣದ ಮರಳಿನಂಥ ಧೂಳು ಬೆರಳಿಗೆ ತಿಳಿಯುತ್ತಿತ್ತು. ನಾನು ದೋಷವನ್ನು ಸರಿಯಾಗಿ ಗುರುತಿಸಿದ ದಿನ ಅವರೇ ಹೋಗಿ ಟೀ ತರುತ್ತಿದ್ದರು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೊಮ್ಮೆ ಕುಣಿಗಲ್ಲಿನಲ್ಲಿ ಮದುವೆಗೆ ಹೋದಾಗ ಯಾರದೋ ಬೈಕು ಉಜ್ಜಿ ಮುಂದಿನ ಬಾಗಿಲು ಹಾಳಾಯಿತು. ಅವರಿಗೇ ಕೊಟ್ಟೆ. ಮೂರು ದಿನ ಬಿಟ್ಟು ಹೋದಾಗ ಬಾಗಿಲು ಕನ್ನಡಿಯಷ್ಟು ನಯವಾಗಿತ್ತು. ಆದರೆ ಗಾಡಿಯನ್ನು ಬಿಸಿಲಿಗೆ ತಂದೊಡನೆ ನನಗೆ ಕಂಡಿತು. ಇಡೀ ಕಾರು ಬೆಳ್ಳಿ, ಆ ಬಾಗಿಲೊಂದು ತೆಳುವಾಗಿ ನೀಲಿ.

ಅವರು ಪಕ್ಕದಲ್ಲೇ ನಿಂತಿದ್ದರು. "ಹೆಂಗದೆ ಮೇಡಮ್?" ಎಂದರು.

"ಗೊತ್ತೇ ಆಗೋದಿಲ್ಲ" ಎಂದೆ.

ನೋಯಿಸಬಾರದೆಂದು ಹಾಗೆ ಹೇಳಿದೆ ಎಂದು ಆಗ ಅಂದುಕೊಂಡಿದ್ದೆ. ಹೇಳಿಬಿಟ್ಟರೆ ಶನಿವಾರಗಳು ಹೋದಾವೆಂಬ ಭಯವೂ ಇತ್ತು… ಅದನ್ನು ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು. ಅಷ್ಟರಲ್ಲಿ ಶೆಡ್ಡಿಗೆ ಬರುವ ಗಾಡಿಗಳು ಕಡಿಮೆಯಾದವು. ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, ಆ ಮುದುಕ ಪೇಂಟರ್ ತಮ್ಮ ಕಾರನ್ನೂ ಎರಡು ಬಣ್ಣ ಮಾಡಿಟ್ಟ ಎಂದು ನಕ್ಕರು. ಅವರಿಗೆ ಹೇಳಿದಿರಾ ಎಂದು ಕೇಳಿದೆ. ಅವನಿಗ್ಯಾಕೆ ಹೇಳೋದು, ಬೇರೆ ಕಡೆ ಹೋದರಾಯಿತು ಎಂದರು. ಪೇಂಟರ್ ಮಾತ್ರ ಈಗೆಲ್ಲ ಜನ ಶೋರೂಮಿಗೇ ಹೋಗುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ನಾನು ಹೌದೆನ್ನುತ್ತಿದ್ದೆ.

ಮರುವರ್ಷ ಯಾವುದೋ ಕಣ್ಣಿನ ಶಿಬಿರದಲ್ಲಿ ಅವರಿಗೆ ಪೊರೆ ಇದೆಯೆಂದು ಹೇಳಿ ಆಪರೇಷನ್ ಮಾಡಿಸಿದರು. ಒಂದು ತಿಂಗಳು ಶೆಡ್ ಮುಚ್ಚಿತ್ತು. ತೆರೆದ ಸುದ್ದಿ ತಿಳಿದು ಶನಿವಾರ ಹೋದೆ. ಒಳಗೆ ಕೆಲಸವಿರಲಿಲ್ಲ. ಅವರು ರಸ್ತೆಗೆ ಮುಖ ಮಾಡಿ ಕೂತಿದ್ದರು. ಬೆಳಗಿನಿಂದ ತಾನು ಬಣ್ಣ ಹೊಡೆದ ಮೂರು ಗಾಡಿಗಳು ಎದುರಿಗೇ ಹಾದುಹೋದವು ಎಂದು ಹೇಳಿದರು. ಒಂದರ ಬಂಪರು, ಒಂದರ ಬಾಗಿಲು, ಇನ್ನೊಂದರ ಇಡೀ ಬಲಮಗ್ಗುಲು, ಎಲ್ಲ ಬೇರೆಯೇ ಬಣ್ಣ. ಇಷ್ಟು ದಿನ ಊರಿಡೀ ಹಾಗೆ ಓಡಾಡುತ್ತಿದ್ದವಂತೆ. ಆಮೇಲೆ ಎದ್ದು ನನ್ನ ಕಾರಿನ ಬಳಿ ಹೋದರು. ಬಹಳ ಹೊತ್ತು ನಿಂತರು.

"ಈ ಬಾಗ್ಲು ನೀಲಿ ಐತೆ. ನಿಮ್ಗೆ ಅವತ್ತೇ ಕಂಡಿತ್ತಾ?"

"ಕಂಡಿತ್ತು."

"ಬೇರೆಯೋರು ಹೇಳ್ಲಿಲ್ಲ, ಬುಡಿ. ಅವರ್ಗೇನು ಗೊತ್ತಾಯ್ತದೆ. ನಿಮ್ಗೆ ನಾನೇ ನೋಡೋದು ಹೇಳ್ಕೊಟ್ಟಿದ್ನಲ್ಲ ಮೇಡಮ್."

ದನಿ ಏರಿರಲಿಲ್ಲ. ಕೀ ಕೇಳಿದರು, ಕೊಟ್ಟೆ. ಆ ಬಾಗಿಲನ್ನು ಮತ್ತೆ ತಿಕ್ಕಿ, ಬಣ್ಣವನ್ನು ಬಿಸಿಲಿನಲ್ಲೇ ಕಲಸಿ, ಹೊಸದಾಗಿ ಹೊಡೆದುಕೊಟ್ಟರು. ಅಂಥ ಕೆಲಸವನ್ನು ನಾನು ಮತ್ತೆ ನೋಡಿಲ್ಲ. ಚೆನ್ನಾಗಿದೆ ಎಂದೆ. ಅವರು ತಲೆಯಾಡಿಸಿದರು, ನನ್ನ ಮಾತನ್ನು ನಂಬಿದ ಹಾಗೆ ಇರಲಿಲ್ಲ. ಆಮೇಲೂ ಒಂದೆರಡು ಶನಿವಾರ ಹೋದೆ. ಕುರ್ಚಿ ಹಾಕಿದರು, ಕೂರಿ ಎಂದರು. ದೋಷದ ಮಾತು ಮಾತ್ರ ಎತ್ತಲಿಲ್ಲ. ಹಳೆಯ ಗಿರಾಕಿಗಳನ್ನು ಹುಡುಕಿಕೊಂಡು ಹೋಗಿ ಮತ್ತೆ ಬಣ್ಣ ಹೊಡೆದುಕೊಡುತ್ತೇನೆಂದು ಹೇಳುತ್ತಿದ್ದಾರೆ, ಹೆಚ್ಚಿನವರು ನಡೆಯುತ್ತೆ ಬಿಡಿ ಎನ್ನುತ್ತಿದ್ದಾರೆ ಎಂದು ಬೇರೆಯವರಿಂದ ಕೇಳಿದೆ. ಅಷ್ಟರಲ್ಲಿ ನನಗೆ ಕುಣಿಗಲ್ಲಿಗೆ ವರ್ಗವಾಯಿತು. ದಾರಿ ಬದಲಾಯಿತು. ಹೋಗದಿರುವುದು ಸುಲಭವಾಯಿತು ಎಂದೂ ನನಗೆ ಅನಿಸಿರಬೇಕು.

ಆ ಕಾಗದ ಸಿಕ್ಕ ಮರುದಿನ ಗುಬ್ಬಿ ರಸ್ತೆಗೆ ಹೋದೆ. ಶೆಡ್ ಇದ್ದಲ್ಲಿ ಟೈಲ್ಸ್ ಅಂಗಡಿ. ಎದುರಿನ ಪಂಕ್ಚರ್ ಅಂಗಡಿಯವನು ನನ್ನನ್ನು ಗುರುತು ಹಿಡಿದ. ಪೇಂಟರ್ ತೀರಿಕೊಂಡು ವರ್ಷವಾಗುತ್ತ ಬಂತು, ಅಣ್ಣನ ಮಕ್ಕಳು ಬಂದು ದೇಹವನ್ನು ಊರಿಗೆ ತೆಗೆದುಕೊಂಡು ಹೋದರು ಎಂದ. ಕೊನೆಯವರೆಗೂ ಕೆಲಸ ಮಾಡುತ್ತಿದ್ದರಂತೆ.

"ಗಾಡಿ ಕೊಡೋಕ್ ಮುಂಚೆ ನನ್ನ ಕರ್ದು ತೋರ್ಸೋರು. ಬಿಸಿಲಲ್ಲಿ ನಿಂತ್ಕೊಂಡು ನೋಡು, ಕಂಡಿದ್ದು ಕಂಡಂಗೇ ಹೇಳು ಅನ್ನೋರು. ನಂಗೇನ್ ಗೊತ್ತು ಮೇಡಮ್ ಬಣ್ಣ? ಯಾರಾರ ಒಬ್ರು ನೋಡ್ಬೇಕಿತ್ತು ಅವ್ರಿಗೆ, ಅಷ್ಟೆ."

ಕುಣಿಗಲ್ಲಿನಲ್ಲೂ ಶನಿವಾರ ಸ್ಕೂಲು ಮಧ್ಯಾಹ್ನಕ್ಕೇ ಮುಗಿಯುತ್ತದೆ. ಈ ನಾಲ್ಕು ವರ್ಷದಲ್ಲಿ ಅವರ ಬಳಿ ಹೋಗದೆ ಕಳೆದ ಒಂದು ಶನಿವಾರವೂ ನನಗೆ ಬೇರೆ ಕೆಲಸವಿರಲಿಲ್ಲ.