ಸೋರುವ ಮೊದಲೇ ಹೇಳಿದವಳು

ರಬ್ಬರಕ್ಕ ತೀರಿಹೋಗಿ ಇನ್ನೂ ತಿಂಗಳು ತುಂಬಿಲ್ಲ. ತರಬೇತಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಮುಂದೆ ನಾನು ಪಂಪು ಮಾಡುವ ಕಾರ್ಖಾನೆ ಇಟ್ಟೆ. ಅವಳು ಹಿಂದಿನ ಬೀದಿಯಲ್ಲಿ, ತಮ್ಮನನ್ನು ಜೊತೆಗಿಟ್ಟುಕೊಂಡು, ಸೋರದಂತೆ ಪಂಪಿನೊಳಗೆ ಕೂರಿಸುವ ರಬ್ಬರ್ ಉಂಗುರಗಳನ್ನು ಮಾಡತೊಡಗಿದಳು. ಅವಳ ಸೋದರಮಾವನೂ ಅವಳನ್ನು ರಬ್ಬರಕ್ಕ ಎಂದೇ ಕರೆಯುತ್ತಿದ್ದ. ಉಗುರಿನ ಸಂದಿಯ ಕಪ್ಪು ಮದುವೆಯ ದಿನವೂ ಹೋಗಿರಲಿಲ್ಲ. "ಈ ಕೈ ನೋಡಿಯೂ ಒಪ್ಪಿದ ಮಹಾನುಭಾವರು" ಎಂದು ಗಂಡನನ್ನು ಛೇಡಿಸುತ್ತಿದ್ದಳು.

ನಮಗೆ ಸಿಕ್ಕ ಮೊದಲ ದೊಡ್ಡ ಗಿರಾಕಿ ಒಂದು ಹಾಲಿನ ಕಂಪನಿ. ಒಂದು ಕಂತು ಪಂಪು ಕಳಿಸಿ ಮುಂದಿನ ಆರ್ಡರಿಗೆ ಕಾಯುತ್ತಿದ್ದೆವು. ಅದು ಬಂದರೆ ಎರಡೂ ಕಾರ್ಖಾನೆಗೆ ವರ್ಷವಿಡೀ ಕೆಲಸ. ಆಗೊಂದು ಬೆಳಿಗ್ಗೆ ಅವಳು ಬಂದು ನನ್ನ ಮೇಜಿನ ಮೇಲೆ ಒಂದು ಉಂಗುರ ಇಟ್ಟಳು.

"ಉಗುರು ಒತ್ತಿ ನೋಡು."

ಒತ್ತಿದೆ. ಗುರುತು ಹಾಗೇ ಉಳಿಯಿತು.

"ಅರೆಬೆಂದಿದೆ ಕಣೋ. ಯಂತ್ರದ ಶಾಖ ತೋರಿಸೋ ಮುಳ್ಳು ಸಿಕ್ಕಿಕೊಂಡಿತ್ತು. ಹಾಲಿನವರಿಗೆ ಹೋಗಿರೋದೂ ಇದೇ ಸರಕು. ಬಿಸಿ ಹಾಲು ಹರಿದೂ ಹರಿದೂ ಒಂದು ದಿನ ಸೋರೇ ಸೋರುತ್ತೆ."

ಬೆನ್ನಿಗೇ ಬಂದಿದ್ದ ತಮ್ಮ ತಡೆದ. "ಬಾಯಿ ಬಿಟ್ಟರೆ ಬಣ್ಣಗೇಡು ಅಕ್ಕಾ. ಇನ್ನೂ ಒಂದು ತೊಟ್ಟೂ ಸೋರಿಲ್ಲ. ಆರ್ಡರ್ ಬರಲಿ, ಆಮೇಲೆ ರಿಪೇರಿ ನೆಪದಲ್ಲಿ ಬದಲಾಯಿಸೋಣ."

"ಸೋರಿದರೆ ಕೆಡೋದು ಇವನ ಹೆಸರು. ಪಂಪಿನ ಮೇಲೆ ನಮ್ಮ ಹೆಸರಿದೆಯಾ?"

ನನಗೆ ಅತ್ತ ದರಿ, ಇತ್ತ ಪುಲಿ. ಅವಳು ಯೋಚಿಸಲು ಬಿಡದೆ ಹಾಲಿನ ಕಂಪನಿಗೆ ಎಳೆದುಕೊಂಡೇ ಹೋದಳು. ಅಲ್ಲಿನ ಎಂಜಿನಿಯರ್ ಉಂಗುರವನ್ನು ತಿರುಗಿಸಿ ನೋಡಿದರು.

"ಪಂಪು ಚೆನ್ನಾಗೇ ಓಡ್ತಿವೆಯಲ್ಲ. ದೂರು ಕೊಡಬೇಕಾದವರು ನಾವು, ನೀವೇ ತಂದಿದ್ದೀರಿ?"

"ನೀವು ಕೊಡೋ ಹೊತ್ತಿಗೆ ಹಾಲು ನೆಲದ ಮೇಲಿರುತ್ತೆ ಸಾರ್. ತಪ್ಪು ನನ್ನ ಯಂತ್ರದ್ದು, ಇವರದ್ದಲ್ಲ."

ಉಂಗುರ ಬದಲಾಯಿಸಲು ಅವರು ಒಪ್ಪಿದರು. ಆರ್ಡರಿನ ಮಾತನ್ನು ಮಾತ್ರ ಎತ್ತಲಿಲ್ಲ. ಕಂಪನಿಗೆ ರಜೆಯಿದ್ದ ದಿನಗಳಲ್ಲಿ ಹೋಗಿ ಒಂದೊಂದೇ ಪಂಪು ಬಿಚ್ಚಿ ಹೊಸ ಉಂಗುರ ಕೂರಿಸಿದೆವು. ತಮ್ಮ ಗೊಣಗುತ್ತಲೇ ನಟ್ಟು ಬಿಗಿದ.

ಕೊನೆಯ ಪಂಪು ಮುಗಿದ ದಿನ ಎಂಜಿನಿಯರ್ ತಾವೇ ಬಂದರು. ಮುಂದಿನ ಆರ್ಡರ್ ನಮಗೇ ಎಂದರು. "ಇನ್ನು ಮೇಲೆ ನಿಮ್ಮ ಪೆಟ್ಟಿಗೆಗಳನ್ನ ಗೇಟಿನಲ್ಲಿ ತೆರೆಸಲ್ಲ. ನಂಬಿಕೆ ಬಂದಿದೆ."

ನಾನು ಉಬ್ಬಿಹೋದೆ. ರಬ್ಬರಕ್ಕ ಮೊಣಕಾಲಿನ ಧೂಳು ಕೊಡವುತ್ತ ಎದ್ದಳು.

"ಬೇಡ ಸಾರ್, ತೆರೆದೇ ನೋಡಿ. ಆ ಮುಳ್ಳು ಇನ್ನೊಮ್ಮೆ ಸಿಕ್ಕಿಕೊಂಡರೆ ನನಗಿಂತ ಮೊದಲು ನಿಮಗೆ ಕಾಣಬಹುದು. ಕಂಡರೆ ಫೋನ್ ಮಾಡಿ ಬೈಯಿರಿ. ಹೇಳದೆ ಬಿಟ್ಟು ಹೋಗಬೇಡಿ. ಅಷ್ಟು ನಂಬಿಕೆ ಸಾಕು."

ಅವರು ಅವಳ ಮಾತಿನಂತೆ ಪ್ರತಿ ಸಲವೂ ತೆರೆದು ನೋಡಿದರು. ಒಂದೆರಡು ಸಲ ಫೋನೂ ಬಂತು. ಅವಳು ಬೈಸಿಕೊಂಡು, ಹೋಗಿ, ಸರಿಮಾಡಿ ಬಂದಳು. ಬೇರೆ ಪಂಪಿನವರು ಎಷ್ಟು ಬಾಗಿಲು ತಟ್ಟಿದರೂ ಹಾಲಿನವರು ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಇಂಥವಳು ನನ್ನ ಗೆಳತಿಯಾಗಿದ್ದಳು ಎಂದು ಯಾರ ಎದುರಿಗೂ ತಲೆಯೆತ್ತಿ ಹೇಳುತ್ತೇನೆ.