ಹಿಟ್ಟಿನ ಚಿಕ್ಕಿಗಳು

ಭಾನುವಾರ ಬಂತೆಂದರೆ ಕರೆಂಟು ಹೋಗುತ್ತದೆ ಎಂದು ಕಣ್ಣುಮುಚ್ಚಿ ಹೇಳಬಹುದಾಗಿದ್ದ ಕಾಲ. ಮಮದಾಪುರದ ನಮ್ಮ ಓಣಿಗೆಲ್ಲ ಒಂದೇ ಟಿ.ವಿ., ಗೆಳತಿ ಸುವರ್ಣಾಳ ಮನೆಯದು. ಅದರಲ್ಲಿ ವರ್ಷಗಟ್ಟಲೆ ಮುಗಿಯದೆ ಓಡುತ್ತಿದ್ದ ಒಂದು ಧಾರಾವಾಹಿ: ಆಕಾಶನೌಕೆ, ಬಿಗಿ ಅಂಗಿಯ ಕಪ್ತಾನ, ವಾರಕ್ಕೊಂದು ಹೊಸ ಗ್ರಹ. ಕಪ್ತಾನನ ಪ್ರಾಣಕ್ಕೆ ಕುತ್ತು ಬಂದ ಗಳಿಗೆಗೇ ಪರದೆ ಆರುತ್ತಿತ್ತು. ಪ್ರತಿ ವಾರವೂ ಸರಿಯಾಗಿ ಆ ಗಳಿಗೆಗೇ ಆರುತ್ತಿತ್ತೆ? ಆಣೆ ಮಾಡಲಾರೆ. ನೆನಪು ಕಥೆಯನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ.

ಉಳಿದ ಕಥೆಯನ್ನು ನಾವೇ ಮುಗಿಸುತ್ತಿದ್ದೆವು. ಶೇಂಗಾ ಬೆಲ್ಲ ತಿನ್ನುತ್ತ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಚೌಕ ಹಾಕಿ, ಸುವರ್ಣಾ ಚಿತ್ರ ಬಿಡಿಸುತ್ತಿದ್ದಳು, ನಾನು ಮಾತು ಬರೆಯುತ್ತಿದ್ದೆ. ಅದನ್ನು ಹಿಟ್ಟಿನ ಗಿರಣಿಯ ಗೋಡೆಗೆ ಗಂಜಿ ಹಚ್ಚಿ ಅಂಟಿಸುತ್ತಿದ್ದೆವು. ಕರೆಂಟು ಇಲ್ಲದೆ ಗಿರಣಿಯೂ ನಿಂತಿರುತ್ತಿತ್ತಲ್ಲ, ಜೋಳದ ಬುಟ್ಟಿ ಇಟ್ಟುಕೊಂಡು ಕುಳಿತವರೆಲ್ಲ ನಮ್ಮ ಓದುಗರು.

ಒಂದು ವಾರ ಸುವರ್ಣಾ ಕಪ್ತಾನನಿಗೆ ಗಿರಣಿ ಕಾಕಾನ ಮುಖ ಕೊಟ್ಟಳು. ಅದೇ ಹಿಟ್ಟು ಮೆತ್ತಿದ ಹುಬ್ಬು, ಕಿವಿಯಲ್ಲಿ ಬೀಡಿ. ಗಿರಣಿಯ ಬೆಲ್ಟಿನಂಥ ಪಟ್ಟಾ ಕಳಚಿ ನೌಕೆ ಚಂದ್ರನ ಬಾಜೂಕ ನಿಂತಿದೆ. ಮೂರು ಕಣ್ಣಿನವನೊಬ್ಬ ಜೋಳದ ಚೀಲ ಹೊತ್ತು, ಸಾಲು ದಾಟಿ ಮುಂದೆ ಬಂದು, "ನಮ್ಮ ಗ್ರಹ ದೂರ ಐತ್ರಿ, ಲಗೂನ ಬೀಸಿ ಕೊಡ್ರಿ" ಎನ್ನುತ್ತಾನೆ.

ಕಪ್ತಾನ ಗುಡುಗುತ್ತಾನೆ: "ಮೂರ ಕಣ್ಣ ಅದಾವಲ್ಲ, ಪಾಳಿ ಕಾಣಂಗಿಲ್ಲೇನು?"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳು ಒಳಗೆ ಕೂಗಿದಳು: "ಕಾಕಾ, ನಿಮ್ಮ ವಿಮಾನ ಯಾವಾಗ ಹೊಂಡತೈತ್ರಿ?"

ಕಾಕಾ ಹೊರಬಂದರು. ಬಿಸಿ ಹಿಟ್ಟಿನ ವಾಸನೆಯೂ ಅವರೊಂದಿಗೇ ಬಂತು. ಒಂದೊಂದೇ ಚೌಕ ನೋಡಿದರು. "ಈ ಚಿತ್ರ ಯಾರ ತಗದಾರ?"

ನಗು ನಿಂತಿತು. ಸುವರ್ಣಾ ನನ್ನ ಕೈ ಹಿಡಿದುಕೊಂಡಳು. ಗಿರಣಿಯಿಂದ ಒಂದು ದೂರು ಬಂದರೂ ಬಣ್ಣ, ಕುಂಚ ಎಲ್ಲ ಒಲೆಗೆ ಎಂದು ಅವಳಪ್ಪ ಮೊದಲೇ ಹೇಳಿದ್ದ. ಕಾಕಾನ ಉಗುರು ಕಾಗದದ ಮೂಲೆಗೆ ಹೋಯಿತು. ಅಲ್ಲೇ ತಡೆಯಿತು.

"ಆಕಾಶ ಇಷ್ಟ ಕರ್ರಗ ಬಳದೀರಿ. ಒಂದ ಚಿಕ್ಕೀನೂ ಇಲ್ಲಲ್ಲ?"

"ಬಿಳೇ ಬಣ್ಣ ಖಾಲಿ ಆಗೇತ್ರಿ ಕಾಕಾ," ಎಂದಳು ಸುವರ್ಣಾ, ಅಳುವ ದನಿಯಲ್ಲಿ.

ಕಾಕಾ ಎರಡೂ ಕೈಗಳನ್ನು ಕಾಗದದ ಮುಂದೆ ಕೊಡವಿದರು. ಶಾಯಿ ಇನ್ನೂ ಹಸಿಯಾಗಿತ್ತು. ಹಿಟ್ಟು ಹೋಗಿ ಕರಿ ಆಕಾಶದ ತುಂಬ ನಕ್ಷತ್ರಗಳಂತೆ ಕೂತಿತು.

"ತಗೋರಿ, ಆದ್ವು ಚಿಕ್ಕಿ. ಮುಂದಿನ ವಾರ ಮೊದಲ ಪಟ್ಟಾ ಕೂಡಸ್ರಿ. ಕಪ್ತಾನ ಅಂದ ಮ್ಯಾಲ ಹಿಂಗ ನಡುದಾರ್ಯಾಗ ನಿಂತ್ರ ಮರ್ಯಾದಿ ಉಳಿತೈತೇನು?"

ಸುವರ್ಣಾ ಈಗ ಹುಕ್ಕೇರಿಯಲ್ಲಿದ್ದಾಳೆ. ಫೋನಿನಲ್ಲಿ ಇದನ್ನು ಹೇಳಿದರೆ ಒಪ್ಪುವುದಿಲ್ಲ. "ಕಾಕಾ ಎಲ್ಲಿ ಕೊಡವಿದ್ರು? ಕರೆಂಟ ಬಂತು, ಗಿರಣಿ ಚಾಲೂ ಆತು, ಹಿಟ್ಟ ತಾನ ಹಾರಿ ಕುಂತ್ತು. ನೀ ಆಗೂ ಹಿಂಗ ಕತಿ ಕಟ್ಟತಿದ್ದಿ." ಇರಬಹುದು. ಕೇಳೋಣವೆಂದರೆ ಕಾಕಾ ಇಲ್ಲ. ಆ ಗೋಡೆಗೆ ಈಗ ಟೈಲ್ಸ್. ಆದರೆ ಹಿಟ್ಟು ಕೂತದ್ದು ನಿಜ, ಮುಂದಿನ ವಾರ ನೌಕೆ ಹೊರಟದ್ದು ನಿಜ.

ಮೊನ್ನೆ ಆ ಧಾರಾವಾಹಿಯನ್ನು ಮೊಬೈಲಿನಲ್ಲಿ ಪೂರ್ತಿ ನೋಡಿ ಮುಗಿಸಿದೆ. ಎಲ್ಲೂ ಪರದೆ ಆರಲಿಲ್ಲ. ಕಪ್ತಾನ ಪ್ರತಿ ಸಲವೂ ತಾನೇ ಪಾರಾಗುತ್ತಾನೆ. ನಾವು ಅವನಿಗೆ ಬೇಕಾಗಿಲ್ಲ.